ಹೋತ ಕಟ್ಟಿಹಾಕಿ, ಮರಿ ಉಳಿಸಿಕೊಳ್ಳಿ

ಒಂದು ವರ್ಷ ಮಾಘದಲ್ಲಿ ನಮ್ಮ ದೊಡ್ಡಿಯಲ್ಲಿ ಹನ್ನೊಂದು ಮರಿ ಹುಟ್ಟಿದವು. ಯುಗಾದಿಗೆ ಉಳಿದದ್ದು ಆರು. ರೋಗವಲ್ಲ, ನಾಯಿಕಾಟವೂ ಅಲ್ಲ. ತಾಯಿಯ ಕೆಚ್ಚಲಲ್ಲಿ ಹಾಲೇ ಇರಲಿಲ್ಲ. ಬೂದಿಕೋಟೆ ಸುತ್ತಿನ ಗುಡ್ಡಗಳಲ್ಲಿ ಆ ಹೊತ್ತಿಗೆ ಒಣಕಡ್ಡಿ ಬಿಟ್ಟರೆ ಇನ್ನೇನಿರುತ್ತೆ?

ತಪ್ಪು ನಮ್ಮದೇ. ಹೋತವನ್ನು ವರ್ಷವಿಡೀ ಹಿಂಡಿನಲ್ಲೇ ಬಿಟ್ಟಿದ್ದೆವು. ನಮ್ಮಲ್ಲಿ ಬಹುತೇಕರು ಮಾಡುವುದೂ ಇದನ್ನೇ.

ಚಳಿ ದೇಶಗಳ ಮೇಕೆ ಹಗಲು ಗಿಡ್ಡವಾಗುತ್ತಾ ಬಂದಾಗ ಮಾತ್ರ ಬೆದೆಗೆ ಬರುತ್ತದೆ. ಲಂಡನ್ನಿನಲ್ಲಿ ಬೇಸಿಗೆ ಹಗಲಿಗೂ ಚಳಿಗಾಲದ ಹಗಲಿಗೂ ಎಂಟು ಗಂಟೆಗಿಂತ ಹೆಚ್ಚು ವ್ಯತ್ಯಾಸ. ನಮ್ಮಲ್ಲಿ ಅದು ಸುಮಾರು ಒಂದೂವರೆ ಗಂಟೆ ಅಷ್ಟೆ. ಹಾಗಾಗಿ ನಮ್ಮ ನಾಟಿ ಮೇಕೆಗೆ ಹಗಲಿನ ಲೆಕ್ಕ ಅಷ್ಟಾಗಿ ಇಲ್ಲ, ಹೊಟ್ಟೆಯ ಲೆಕ್ಕ ಇದೆ. ಮಳೆ ಬಿದ್ದು ಚಿಗುರು ತಿಂದು ಮೈತುಂಬಿಕೊಂಡರೆ ಬೆದೆಗೆ ಬರುತ್ತೆ. ಸೆಪ್ಟೆಂಬರ್-ಅಕ್ಟೋಬರಿನ ಮಳೆಯಲ್ಲಿ ಗಬ್ಬ ಕಟ್ಟಿದ್ದು ಐದು ತಿಂಗಳಿಗೆ, ಅಂದರೆ ಫೆಬ್ರವರಿ-ಮಾರ್ಚಿನಲ್ಲಿ ಈಯುತ್ತದೆ. ಮುಂದೆ ಬರೀ ಬಿಸಿಲು.

ನಾನು ಹೇಳುವುದಿಷ್ಟು: ಮರಿ ಯಾವಾಗ ಬೇಕೆಂದು ಹೋತ ತೀರ್ಮಾನಿಸಬಾರದು, ನಾವು ತೀರ್ಮಾನಿಸಬೇಕು. ಜೂನ್ ಮಧ್ಯದಿಂದ ಜುಲೈ ಕೊನೆವರೆಗೆ ಹೋತ ಬಿಡಿ. ಮರಿ ನವೆಂಬರ್-ಡಿಸೆಂಬರಿನಲ್ಲಿ ಬರುತ್ತವೆ. ಆಗ ಬದುವಿನಲ್ಲಿ ಇನ್ನೂ ಹಸಿರಿರುತ್ತೆ, ಕಡಲೆಕಾಯಿ ಬಳ್ಳಿ, ಅವರೆ ಹೊಟ್ಟು, ಹುರುಳಿ ಹೊಟ್ಟು ಮನೆಯಲ್ಲೇ ಸಿಗುತ್ತೆ. ಚಳಿಗೆ ಮಾತ್ರ ಮರಿಗಳಿಗೆ ಗೋಣಿ, ಒಣಹುಲ್ಲು ಹಾಸಿ.

ಹೋತ ಬಿಡುವ ಎರಡು ಮೂರು ವಾರ ಮೊದಲು ಹೆಣ್ಣುಗಳಿಗೆ ದಿನಾ ಒಂದೊಂದು ಹಿಡಿ ಕಾಳು ಹೆಚ್ಚಿಗೆ ಕೊಡಿ. ಅವಳಿ ಮರಿ ಬರುವ ಸಂಭವ ಹೆಚ್ಚು. ಬೆದೆ 21 ದಿನಕ್ಕೊಮ್ಮೆ ಮರಳುತ್ತದೆ. ಆರು ವಾರ ಹೋತ ಜೊತೆಗಿದ್ದರೆ ಪ್ರತಿ ಹೆಣ್ಣಿಗೂ ಎರಡು ಅವಕಾಶ. ಒಂದು ಹೋತ 25-30 ಹೆಣ್ಣಿಗೆ ಸಾಕು.

"ಮೇಯಿಸುವವನು ಒಬ್ಬನೇ, ಹೋತವನ್ನು ಬೇರೆ ಹೇಗಪ್ಪಾ ಇಡೋದು?" ಅಂತ ಕೇಳುತ್ತೀರಿ. ಕೀನ್ಯಾದ ಮಸಾಯಿ ಜನ ಹೋತದ ಹೊಟ್ಟೆಯಡಿ ಚರ್ಮದ ತುಂಡು ಕಟ್ಟಿ ಹಿಂಡಿನ ಜೊತೆಗೇ ಬಿಡುತ್ತಾರೆ. ಹಾರಿದರೂ ಗಬ್ಬವಾಗದು. ನಮಗೆ ದಪ್ಪ ಗೋಣಿ ಸಾಕು. ಆದರೆ ಅದನ್ನು ದಿನಾ ನೋಡಿಕೊಳ್ಳಬೇಕು. ನಾಲ್ಕು ತಿಂಗಳಾದ ಗಂಡು ಮರಿಗಳನ್ನೂ ಬೇರ್ಪಡಿಸಿ, ಇಲ್ಲವೇ ಬೀಜ ಒಡೆಸಿ. ಮರೆತರೆ ಅವೇ ಕೆಲಸ ಕೆಡಿಸುತ್ತವೆ.

"ಕಾಸು ಬೇಕಾದಾಗ ಮಾರಲು ವರ್ಷಪೂರ್ತಿ ಮರಿ ಇರಬೇಕಲ್ಲ?" ಇದು ನ್ಯಾಯವಾದ ಮಾತು. ಹಾಗಿದ್ದರೆ ಎರಡು ತಂಡ ಮಾಡಿ. ಜೂನಿನಲ್ಲಿ ನಿಲ್ಲದ್ದಕ್ಕೆ ಜನವರಿ ಕೊನೆಗೆ ಹೋತ ಬಿಟ್ಟರೆ ಜೂನ್ ಕೊನೆಯ ಚಿಗುರಿಗೆ ಮರಿ ಬರುತ್ತೆ. ಬಕ್ರೀದ್ ಲೆಕ್ಕವನ್ನೂ ಹಾಕಿ. ಅದಕ್ಕೆ ವರ್ಷ ತುಂಬಿದ್ದೇ ಬೇಕು, ಹಲ್ಲು ನೋಡಿ ಕೊಳ್ಳುತ್ತಾರೆ. ಹಬ್ಬ 2024ರಲ್ಲಿ ಜೂನ್ 17ಕ್ಕೆ, 2025ರಲ್ಲಿ ಜೂನ್ 7ಕ್ಕೆ ಬಂತು. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2025ರ ಹಬ್ಬಕ್ಕೆ 2024ರ ಜುಲೈ ಮರಿಗೆ ವರ್ಷ ತುಂಬಿರಲಿಲ್ಲ. 2023ರ ಡಿಸೆಂಬರ್ ಮರಿಗೆ ಹದಿನೆಂಟು ತಿಂಗಳಾಗಿತ್ತು.

ಇನ್ನೊಂದು ನೋವಿನ ಮಾತು. ಚೆನ್ನಾಗಿ ಬೆಳೆದ ಗಂಡು ಮರಿಯನ್ನೇ ನಾವು ಮೊದಲು ಮಾರುತ್ತೇವೆ. ಯಾರೂ ಕೊಳ್ಳದ ಸಣಕಲು ಮರಿ ಉಳಿದು ಹಿಂಡಿನ ಹೋತವಾಗುತ್ತೆ. ತನ್ನ ಅಕ್ಕತಂಗಿಯರಿಗೇ, ತನ್ನ ಮಗಳಿಗೇ ಹಾರುತ್ತೆ. ಆಮೇಲೆ "ತಳಿ ಕೆಟ್ಟಿತು" ಅಂತ ಸಂತೆಯಲ್ಲಿ ಕೂತು ಹಲುಬುತ್ತೇವೆ! ಅವಳಿಯಾಗಿ ಹುಟ್ಟಿ ಬೇಗ ಬೆಳೆದ ಒಂದು ಮರಿಯನ್ನು ಊರಿನ ನಾಲ್ಕೈದು ಮನೆ ಸೇರಿ ಉಳಿಸಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಪಕ್ಕದೂರಿನವರ ಜೊತೆ ಅದಲುಬದಲು ಮಾಡಿ.

ಇದಕ್ಕೆ ಸಾಲ ಬೇಡ, ಸಬ್ಸಿಡಿ ಬೇಡ. ಒಂದು ಹಗ್ಗ, ಗೋಡೆಯ ಮೇಲೊಂದು ಕ್ಯಾಲೆಂಡರ್ ಸಾಕು. ನಿಮ್ಮ ದೊಡ್ಡಿಯಲ್ಲಿ ಯಾವ ತಿಂಗಳ ಮರಿ ಹೆಚ್ಚು ಉಳಿಯುತ್ತೆ? ಬರೆದು ತಿಳಿಸಿ.