ಬಡಿತ ಕೇಳದ ಮಾಸ್ತರ

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಓಡುವ ಮಾದರಿಗೆ ಬಹುಮಾನ ಕೊಡುತ್ತೇವೆ. ಕೆಟ್ಟ ಮಾದರಿಯ ದೋಷವನ್ನು ಕಂಡುಹಿಡಿದ ಮಗುವಿಗೆ ಕೊಡುವುದಿಲ್ಲ. ಇದು ತಪ್ಪು. ಆ ತಪ್ಪನ್ನು ನಾನೂ ಮಾಡಿದವನೇ.

ಕೊಪ್ಪಳ 1997ರಲ್ಲಿ ಜಿಲ್ಲೆಯಾದ ಮೇಲೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಮಕ್ಕಳೂ ಪ್ರದರ್ಶನಕ್ಕೆಂದು ಕೊಪ್ಪಳಕ್ಕೆ ಬರತೊಡಗಿದರು. 2003ರಲ್ಲಿ ಯಲಬುರ್ಗಾ ಕಡೆಯ ನನ್ನ ವಿದ್ಯಾರ್ಥಿಯೊಬ್ಬ ಹಿತ್ತಾಳೆಯ ಪುಟ್ಟ ಉಗಿಯಂತ್ರವನ್ನು ತಂದಿದ್ದ. ಗಂಗಾವತಿಯ ಲೇತ್ ಅಂಗಡಿಯಲ್ಲಿದ್ದ ಸೋದರಮಾವನೊಡನೆ ಕೂತು ಮಾಡಿದ್ದು. ಉಗಿ ಬಿಟ್ಟೊಡನೆ ಅದು ಟಕಟಕನೆ ಬಡಿಯತೊಡಗಿತು. ತೀರ್ಪುಗಾರರು ಬರುವ ಹೊತ್ತು. ನಾನು ಹುಡುಗನ ಕೈಯಿಂದ ಸ್ಪ್ಯಾನರ್ ಕಸಿದು ಕಂಡಕಂಡ ತಿರುಪುಗಳನ್ನೆಲ್ಲ ಬಿಗಿದೆ. ಬಡಿತದ ಜೊತೆಗೆ ಯಂತ್ರವೂ ನಿಂತಿತು. ಹುಡುಗ ತಲೆ ತಗ್ಗಿಸಿದ.

“ಸರ, ಅದು ಯಾವಾಗ ಬಡೀತೈತಿ ಅಂತ ಮೊದ್ಲ ಕೇಳಬೇಕಿತ್ರೀ,” ಎಂದು ಅವನು ಹೇಳಿದ್ದು ಮರುದಿನ.

ಅವನ ಕ್ರಮ ಹೀಗಿತ್ತು. ಆರಂಭದಲ್ಲಷ್ಟೇ ಬಡಿದು, ಯಂತ್ರ ಕಾದ ಮೇಲೆ ನಿಂತರೆ, ತಣ್ಣನೆಯ ಸಿಲಿಂಡರಿನಲ್ಲಿ ಉಗಿ ನೀರಾಗಿ ಉಳಿದಿದೆಯೆಂದರ್ಥ; ನೀರು ಕುಗ್ಗದ ಕಾರಣ ಪಿಸ್ಟನ್ ಅದಕ್ಕೆ ಅಪ್ಪಳಿಸುತ್ತದೆ. ಉಗಿಯಿಲ್ಲದೆ ಕೈಯಿಂದ ತಿರುಗಿಸಿದಾಗಲೂ ಒಂದೇ ಜಾಗದಲ್ಲಿ ತಡೆದರೆ, ಪಿಸ್ಟನ್ ಮುಚ್ಚಳಕ್ಕೆ ತಾಗುತ್ತಿರಬಹುದು. ಇವೆರಡೂ ಅಲ್ಲದೆ, ಪಿಸ್ಟನ್ ದಿಕ್ಕು ಬದಲಿಸುವಾಗಲೆಲ್ಲ ಬಡಿದರೆ ಎಲ್ಲೋ ಕೀಲು ಸಡಿಲವಾಗಿದೆ. ಬೆಂಕಿ ಆರಿಸಿ, ಒತ್ತಡ ಪೂರ್ಣ ಇಳಿದ ಬಳಿಕ, ಅವನು ಗಾಲಿಯನ್ನು ಒಂದು ಕೈಯಲ್ಲಿ ಬಿಗಿಹಿಡಿದು ಇನ್ನೊಂದರಿಂದ ದಂಡವನ್ನು ಹಿಂದೆ ಮುಂದೆ ಆಡಿಸಿದ. ಕ್ರಾಂಕ್ ಪಿನ್ ಕೂರುವ ರಂಧ್ರ ಸವೆದಿತ್ತು. ಅಲ್ಲಿ ಹೊಸ ಬುಷ್ ಕೂರಿಸಿ, ನಾನು ಬಿಗಿದದ್ದನ್ನೆಲ್ಲ ಸಡಿಲಿಸಿ, ಎಣ್ಣೆ ಬಿಟ್ಟ ಮೇಲೆ ಯಂತ್ರ ಮೆತ್ತಗೆ ಓಡಿತು.

ಇದನ್ನು ಎಲ್ಲಿ ಕಲಿತೆಯೆಂದು ಕೇಳಿದೆ. “ಚಕ್ಕಡಿ ಗಾಲಿ ಬಡಿದ್ರ ನಮ್ಮಪ್ಪ ಹಿಂಗ ನೋಡ್ತಾನ್ರೀ,” ಎಂದ.

ಆ ವರ್ಷದ ಬಹುಮಾನ ತಡೆಯಿಲ್ಲದೆ ಓಡಿದ ಬೇರೊಂದು ಮಾದರಿಗೆ ಸಂದಿತ್ತು. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಅಂದು ಅತ್ಯುತ್ತಮ ವಿಜ್ಞಾನ ನಡೆಯಬಹುದಾಗಿದ್ದುದು ನಿಂತುಹೋದ ಯಂತ್ರದ ಮುಂದೆ. ಅದಕ್ಕೆ ಅಡ್ಡ ನಿಂತವನು ನಾನು.

ಎಷ್ಟೋ ಮೇಜುಗಳ ಮೇಲೆ ಈಗ ಪೇಟೆಯಲ್ಲಿ ಕೊಂಡ ಸಿದ್ಧ ಮಾದರಿಗಳಿರುತ್ತವೆ. ಹತ್ತು ನಿಮಿಷದಲ್ಲಿ ದೋಷಶೋಧನೆಯನ್ನು ಅಳೆಯುವುದು ಹೇಗೆಂದು ತೀರ್ಪುಗಾರರು ಕೇಳುತ್ತಾರೆ. ಒಂದೇ ಪ್ರಶ್ನೆ ಸಾಕು: “ಇದು ಎಂದು ಕೆಟ್ಟಿತ್ತು, ಹೇಗೆ ಸರಿಪಡಿಸಿದೆ?” ತಾನೇ ಮಾಡಿದ ಮಗು ಮಾತು ನಿಲ್ಲಿಸುವುದಿಲ್ಲ, ಕೊಂಡು ತಂದ ಮಗುವಿಗೆ ಉತ್ತರವಿರುವುದಿಲ್ಲ.

ಇಂದು ಶಿಕ್ಷಕರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದೇ ಕೋರಿಕೆ: ಆ ಪ್ರಶ್ನೆಗೆ ಅರ್ಧದಷ್ಟು ಅಂಕ ಮೀಸಲಿಡಿ. ಸ್ಪ್ಯಾನರ್ ಮಾತ್ರ ಮಗುವಿನ ಕೈಯಲ್ಲೇ ಇರಲಿ.