ಅರ್ಧ ಗೋಡೆಯ ಲೆಕ್ಕ



ಹೋದ ಮಳೆಗಾಲದ ಒಂದು ರಾತ್ರಿ ಶಿವಮೊಗ್ಗದ ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಇದ್ದ ಕಾಂಪೌಂಡ್ ಗೋಡೆ ಧೊಪ್ಪೆಂದು ಬಿತ್ತು. ಬೆಳಿಗ್ಗೆ ಅಳೆದು ನೋಡಿದರೆ 60 ಅಡಿಯಲ್ಲಿ 24 ಅಡಿ ನೆಲ ಕಂಡಿತ್ತು. ಗೋಡೆಯ ಹಳೆಯ ಕಾಗದ ಹುಡುಕಲು ಟ್ರಂಕು ತೆರೆದೆ. ಆರನೇ ಕ್ಲಾಸಿನ ಮೊಮ್ಮಗಳು ಪಕ್ಕದಲ್ಲೇ ಕುಳಿತಿದ್ದಳು. ಅವಳ ಕೈಗೆ ನನ್ನ ಅಕ್ಷರದ ಒಂದು ಹಾಳೆ ಸಿಕ್ಕಿತು. ಮೇಲೆ 1986 ಎಂದಿತ್ತು. ಕೆಳಗೆ ಕೆಂಪು ಮಸಿಯಲ್ಲಿ ‘ಬಾಕಿ ರೂ. 960’.

“ಅಜ್ಜ, ಯಾರು ಕೊಡಬೇಕು ಈ ದುಡ್ಡು?” ಎಂದಳು.

ಹೇಳದೆ ವಿಧಿಯಿರಲಿಲ್ಲ.

ಮೊದಲು ಅಲ್ಲಿ ಗೋಡೆ ಇರಲಿಲ್ಲ. ಲಕ್ಕಿ ಗಿಡ, ದಾಸವಾಳ ಸೇರಿಸಿ ನೆಟ್ಟ ಬೇಲಿ ಇತ್ತು. ನನ್ನ ಅಮ್ಮ ಮತ್ತು ಮೇಷ್ಟ್ರ ಅಮ್ಮ ಸಂಜೆ ಬೇಲಿಯ ಆಚೆ ಈಚೆ ನಿಂತು ಮಾತಾಡುತ್ತಿದ್ದರು. ಮೊಸರಿಗೆ ಹೆಪ್ಪು, ಒಂದೆಲಗ, ಒಂದು ಬಟ್ಟಲು ಹುಳಿ ಎಲ್ಲವೂ ಬೇಲಿಯ ಮೇಲಿಂದಲೇ ದಾಟುತ್ತಿದ್ದವು.

ಆ ವರ್ಷ ಬಡಾವಣೆಯಲ್ಲಿ ಎರಡು ಮನೆ ಕಳ್ಳತನವಾಯಿತು. ನನಗೆ ಹೆದರಿಕೆ. ಬೇಲಿ ತೆಗೆದು ಇಟ್ಟಿಗೆ ಗೋಡೆ ಹಾಕಿಸೋಣ, ಖರ್ಚು ಅರ್ಧ ಅರ್ಧ ಎಂದು ಮೇಷ್ಟ್ರಿಗೆ ಹೇಳಿದೆ. ಅವರು ಒಪ್ಪಿದರು. “5 ಅಡಿ ಸಾಕು ರಾಯರೇ” ಎಂದಷ್ಟೇ ಹೇಳಿ ರಜೆಗೆ ಊರಿಗೆ ಹೋದರು. ಅವರು ತಿರುಗಿ ಬರುವಷ್ಟರಲ್ಲಿ ನಾನು 7 ಅಡಿ ಗೋಡೆ ಎಬ್ಬಿಸಿದ್ದೆ.

ಈಗ ಲೆಕ್ಕ ನೋಡಿ. ತಳಪಾಯವೂ ಸೇರಿ ಚದರಡಿಗೆ ಸರಾಸರಿ 16 ರೂಪಾಯಿ ಬಿತ್ತು. 60 ಅಡಿ ಉದ್ದ, 7 ಅಡಿ ಎತ್ತರ ಎಂದರೆ 420 ಚದರಡಿ, 6,720 ರೂಪಾಯಿ. ಅದರ ಅರ್ಧ 3,360. ಬ್ಯಾಂಕಿನ ಗುಮಾಸ್ತನಲ್ಲವೇ ನಾನು, ಗೆರೆ ಹೊಡೆದು ಲೆಕ್ಕ ಬರೆದು ಕಳಿಸಿದೆ. ಮೇಷ್ಟ್ರು ಅದೇ ದಿನ 2,400 ರೂಪಾಯಿ ಕೊಟ್ಟರು. “ನಾನು ಒಪ್ಪಿದ್ದು 5 ಅಡಿಗೆ” ಎಂದರು. ಉಳಿದ 960ಕ್ಕೆ ನಾನು ಪಟ್ಟು ಹಿಡಿದೆ. ಮಾತು ನಿಂತಿತು.

ಮೊಮ್ಮಗಳು ಪೆನ್ಸಿಲ್ ತೆಗೆದುಕೊಂಡು ಹಾಳೆಯ ಹಿಂದೆ ಗೀಚಿದಳು. ಇಬ್ಬರಿಗೂ ಬೇಕಾದದ್ದು 5 ಅಡಿ. ಅದು 300 ಚದರಡಿ, 4,800 ರೂಪಾಯಿ. ಅರ್ಧ ಮಾಡಿದರೆ 2,400. ಮೇಲಿನ 2 ಅಡಿ ಬೇಕಾಗಿದ್ದು ಒಬ್ಬರಿಗೆ ಮಾತ್ರ. ಆ 1,920 ರೂಪಾಯಿ ಪೂರ್ತಿ ಅವರದೇ.

“ಮೇಷ್ಟ್ರಜ್ಜ ಸರಿಯಾಗೇ ಕೊಟ್ಟಿದ್ದಾರೆ. ಬಾಕಿ ಅಂತ ಯಾಕೆ ಬರೆದೆ ಅಜ್ಜ?”

ನಾನು ಬಿ.ಕಾಂ. ಓದಿದವನು. ಎಷ್ಟೋ ವರ್ಷ ದಿನದ ಕೊನೆಗೆ ಪೈಸೆ ಬಿಡದೆ ಟ್ಯಾಲಿ ಮಾಡಿ ಮನೆಗೆ ಬಂದವನು. ಈ ಒಂದು ಲೆಕ್ಕ ನನಗೆ ಕಾಣಲಿಲ್ಲ. ಕಾಣಲಿಲ್ಲ ಎಂದರೆ ಸುಳ್ಳಾದೀತು. ನೋಡಲು ಮನಸ್ಸಿರಲಿಲ್ಲ.

ಇನ್ನೊಂದು ಕಾಣದ್ದೂ ಇತ್ತು. ನಮ್ಮ ಕಡೆ ಗೋಡೆಯ ಬುಡದಲ್ಲಿ ಬಟ್ಟೆ ಒಗೆಯುವ ಕಲ್ಲು ಇತ್ತು. ಗೋಡೆ ಆದ ಮೊದಲ ಸಂಜೆ ಅಮ್ಮ ಆ ಕಲ್ಲು ಹತ್ತಿ ನಿಂತಳು. ಅಮ್ಮ ಗಿಡ್ಡ. ತಲೆ ಗೋಡೆಯ ಅಂಚಿಗೆ ಬರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಇಳಿದಳು. ಮಂಡಿನೋವಿನವಳು, ರಸ್ತೆ ಸುತ್ತಿ ಪಕ್ಕದ ಮನೆಗೆ ಹೋಗಲಾರಳು. ನನಗೆ ಅಮ್ಮ ಏನೂ ಅನ್ನಲಿಲ್ಲ. ಸಂಜೆ ಹಿತ್ತಿಲಿಗೆ ಹೋಗುವುದನ್ನು ಬಿಟ್ಟಳು, ಅಷ್ಟೇ.

1989ರಲ್ಲಿ ಅಮ್ಮ ತೀರಿಕೊಂಡಳು. ಆ ಬೆಳಗಿನ ಜಾವ ರಸ್ತೆ ಸುತ್ತಿ ಮೊದಲು ಬಂದವರು ಮೇಷ್ಟ್ರು. ಚಟ್ಟಕ್ಕೆ ಹೆಗಲು ಕೊಟ್ಟರು. ಆಮೇಲೆ ಮಾತು ಶುರುವಾಯಿತು, ಆದರೆ ಗೋಡೆಯ ವಿಷಯ ಇಬ್ಬರೂ ಎತ್ತಲಿಲ್ಲ.

ಈ ಸಲ ಗೋಡೆ ಬಿದ್ದ ಮೇಲೆ ಅವರ ಜಗಲಿಯಲ್ಲಿ ಕುಳಿತೆವು. ಮೇಷ್ಟ್ರಿಗೆ 80 ದಾಟಿದೆ. ಧೈರ್ಯ ಮಾಡಿ ಕೇಳಿದೆ: “ಆವತ್ತು 5 ಅಡಿ ಸಾಕು ಅಂದಿರಲ್ಲ ಮೇಷ್ಟ್ರೇ, ದುಡ್ಡಿಗಾಗಿಯೇ?”

“ಅಲ್ಲ ರಾಯರೇ. ನಿಮ್ಮ ಕಡೆ ಒಗೆಯೋ ಕಲ್ಲಿತ್ತು, ನಮ್ಮ ಕಡೆ ಒಂದು ಮಣೆ ಹಾಕಿದ್ರೆ ಆಯ್ತು. 5 ಅಡಿ ಆದ್ರೆ ಇಬ್ಬರು ಅಮ್ಮಂದಿರಿಗೂ ಮುಖ ಕಾಣ್ತಿತ್ತು. ಹೇಳೋಣ ಅಂತ ಬಂದ್ರೆ ಗೋಡೆ ಎದ್ದುಬಿಟ್ಟಿತ್ತು.”

“ತಪ್ಪಾಯ್ತು ಮೇಷ್ಟ್ರೇ” ಎಂದೆ. ಹೇಳಬೇಕಾಗಿದ್ದು 1986ರಲ್ಲಿ. ಕೇಳಬೇಕಾದವಳು ಅಮ್ಮ.

ಹೊಸ ಗೋಡೆಗೆ ಈ ಸಲ ಕ್ರಮವಾಗಿ ಹೊರಟೆವು. ನಿಮ್ಮ ಮನೆಯವರಿಗೂ ಉಪಯೋಗಕ್ಕೆ ಬಂದೀತು, ಕೇಳಿ.

ಮೊದಲು ಗಡಿ ಎಲ್ಲಿದೆ ಎಂದು ಇಬ್ಬರೂ ಜೊತೆಗೇ ಟೇಪು ಹಿಡಿದು ನೋಡಬೇಕು. ಪೇಟೆಯ ಸೈಟುಗಳಿಗೆ ಅಡಿ ಲೆಕ್ಕ. ಹಳ್ಳಿಯ ಜಮೀನಿಗೆ ಗುಂಟೆ ಲೆಕ್ಕ. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ, ಅಂದರೆ 1,089 ಚದರಡಿ. ಅಂಥ 40 ಗುಂಟೆ ಒಂದು ಎಕರೆ. ಜಮೀನಿನ ಗಡಿಯಲ್ಲಿ ಅನುಮಾನ ಬಂದರೆ ಹದ್ದುಬಸ್ತು ಮಾಡಿಸಿಕೊಡಿ ಎಂದು ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಸರ್ಕಾರಿ ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು, ಎಲ್ಲರೆದುರು ಅಳೆದು ಗಡಿ ತೋರಿಸುತ್ತಾರೆ. ಬಾಂದು ಕಲ್ಲನ್ನು ಮಾತ್ರ ಯಾರೂ ಕೀಳಬಾರದು. ಕಾನೂನಿನಲ್ಲಿ ಅದು ಶಿಕ್ಷೆಗೆ ಗುರಿಯಾಗುವ ತಪ್ಪು.

ಎರಡನೆಯದು ದಪ್ಪ. 9 ಇಂಚಿನ ಗೋಡೆಯನ್ನು ಗಡಿಗೆರೆಯ ನಟ್ಟನಡುವೆ ಕಟ್ಟಿದರೆ ಆಚೆಗೆ ನಾಲ್ಕೂವರೆ ಇಂಚು, ಈಚೆಗೆ ನಾಲ್ಕೂವರೆ ಇಂಚು. 60 ಅಡಿ ಉದ್ದಕ್ಕೆ ಒಬ್ಬೊಬ್ಬರ ಜಾಗ ಇಪ್ಪತ್ತೆರಡೂವರೆ ಚದರಡಿ ಹೋಗುತ್ತದೆ. ನೆಲ ಕೊಡುವುದರಲ್ಲೂ ಸಮಪಾಲು.

ಮೂರನೆಯದು ಕಾಗದ. ಉದ್ದ, ಎತ್ತರ, ಖರ್ಚು, ಯಾರ ಪಾಲು ಎಷ್ಟು, ಮುಂದೆ ರಿಪೇರಿ ಬಂದರೆ ಯಾರು ಎಂದು ಬರೆದು ಇಬ್ಬರೂ ರುಜು ಹಾಕಬೇಕು. ಇಟ್ಟಿಗೆ ಬರುವ ಮೊದಲು ಈ ಕೆಲಸ ಮುಗಿದಿರಬೇಕು. ಪಕ್ಕದವರ ಮೇಲೆ ನಂಬಿಕೆ ಇಲ್ಲವೆಂದು ಬರೆಯುವುದಲ್ಲ. ನಮ್ಮ ನೆನಪು ನಮ್ಮ ಕಡೆಗೇ ವಾಲುತ್ತದೆ, ಅದಕ್ಕೆ.

ಬಿದ್ದ 24 ಅಡಿಯನ್ನು 5 ಅಡಿ ಎತ್ತರಕ್ಕೆ ಕಟ್ಟಿಸಲು 30,000 ರೂಪಾಯಿ ಆಯಿತು. ತಲಾ 15,000. ಉಳಿದ 36 ಅಡಿ ಹಳೆ ಗೋಡೆಯ ಮೇಲಿನ 2 ಅಡಿ ಇಳಿಸಲು ಮೇಸ್ತ್ರಿ 3,000 ಕೇಳಿದ. ಮೇಷ್ಟ್ರ ಮಗ ಅರ್ಧ ಕೊಡಲು ಜೇಬಿಗೆ ಕೈ ಹಾಕಿದರು. ಮೊಮ್ಮಗಳು ತಡೆದಳು. “ಆ 2 ಅಡಿ ನಮ್ಮಜ್ಜಂದೇ ಅಂಕಲ್. ಇಳಿಸೋ ದುಡ್ಡೂ ಅಜ್ಜಂದೇ.”

ಎಲ್ಲರೂ ನಕ್ಕೆವು. ಇಷ್ಟು ಸಂತೋಷದಿಂದ ನಾನು ಯಾವ ಬಿಲ್ಲನ್ನೂ ಕಟ್ಟಿದವನಲ್ಲ. ಆ ಹಳೆಯ ಹಾಳೆಯ ‘ಬಾಕಿ’ಗೆ ಗೆರೆ ಎಳೆದು, ತಿದ್ದಿದ್ದಕ್ಕೆ ಬ್ಯಾಂಕಿನ ಪದ್ಧತಿಯಂತೆ ಪಕ್ಕದಲ್ಲಿ ರುಜು ಹಾಕಿದೆ.

ಈಗ ಸಂಜೆ ಹೊತ್ತು ಮೇಷ್ಟ್ರು ಕೋಲೂರಿ ಬಂದು ಗೋಡೆಯ ಮೇಲೆ ಮೊಣಕೈ ಇಟ್ಟು ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ. ನಮಗೆ ಕಲ್ಲು ಬೇಕಿಲ್ಲ, ಮಣೆ ಬೇಕಿಲ್ಲ.

ಈ ವಾರದ ಲೆಕ್ಕ: ಎರಡು ಮನೆಗಳ ನಡುವೆ 40 ಅಡಿ ಉದ್ದದ ಗೋಡೆ. ಒಬ್ಬರಿಗೆ 4 ಅಡಿ ಎತ್ತರ ಸಾಕು, ಇನ್ನೊಬ್ಬರಿಗೆ 6 ಅಡಿ ಬೇಕು. ಚದರಡಿಗೆ 200 ರೂಪಾಯಿ. ಯಾರ ಪಾಲು ಎಷ್ಟು? ಅಜ್ಜನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಆದರೆ ಪೆನ್ಸಿಲ್ ಹಿಡಿಯುವ ಮೊದಲು, 4 ಅಡಿ ಸಾಕು ಎಂದವರನ್ನು ಯಾಕೆ ಎಂದು ಒಮ್ಮೆ ಕೇಳಿ.