61 ಮೆಗಾಪಿಕ್ಸೆಲ್ಲಿನ ಮದುವೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲಿಯೇ ಮದುವೆಗೆ ಹೋಗಲಿ, ಫೋಟೋದ ಹುಡುಗರು ನನ್ನೊಂದಿಗೆ ಆಡುವ ಮಾತು ಒಂದೇ: 61 ಮೆಗಾಪಿಕ್ಸೆಲ್. ಸಾಲ ಮಾಡಿಯಾದರೂ ತರಬೇಕಂತೆ. ಇದು ಶುದ್ಧ ಮರುಳು.

ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾದ ಮೇಲೆ ನನಗೆ ಸಿಟ್ಟಿಲ್ಲ. ಅದರ 36×24 ಮಿ.ಮೀ. ಸೆನ್ಸರ್ ಮಂಗಲ ಕಾರ್ಯಾಲಯದ ಮಬ್ಬು ಬೆಳಕಿಗೂ ಒಗ್ಗುತ್ತದೆ. ಕಣ್ಣು ಹುಡುಕಿ ಫೋಕಸ್ ಮಾಡುತ್ತದೆ, ಅಕ್ಷತೆಯ ಹೊತ್ತಿಗೆ ಸದ್ದಿಲ್ಲದೆ ತೆಗೆಯುತ್ತದೆ. ಇದೆಲ್ಲ 24 ಮೆಗಾಪಿಕ್ಸೆಲ್ಲಿನದರಲ್ಲೂ ಸಿಗುತ್ತದೆ. ಅದರ 6000×4000 ಚುಕ್ಕಿಗಳನ್ನು ಇಂಚಿಗೆ 300ರಂತೆ ಅಚ್ಚು ಹಾಕಿದರೆ 20 ಇಂಚು ಅಗಲದ ಚಿತ್ರ. ಆಲ್ಬಮ್ಮಿನ 12×18 ಇಂಚಿನ ಪುಟಕ್ಕೆ ಇನ್ನೇನು ಬೇಕು? ಕೃಷ್ಣೆಯ ದಂಡೆಯ ಹಕ್ಕಿಯನ್ನು ದೂರದಿಂದ ತೆಗೆದು ಕತ್ತರಿಸಿಕೊಳ್ಳುವವರಿಗೆ 61 ಬೇಕು, ಬಿಡಿ.

ಸೋನಿಯ 61 ಮೆಗಾಪಿಕ್ಸೆಲ್ ಕ್ಯಾಮೆರಾ ಬಂದದ್ದು 2019ರಲ್ಲಿ. ಕುಗ್ಗಿಸದ ಅದರ ರಾ ಫೈಲ್ ಒಂದಕ್ಕೆ ಸುಮಾರು 120 ಎಂಬಿ. ಮದುವೆಗೆ 3000 ಫೋಟೋ ಎಂದರೆ 360 ಜಿಬಿ. ನನ್ನ ತಂಗಿಯ ಮದುವೆ ತೆಗೆದದ್ದು ಅಂಥದ್ದರಲ್ಲೇ. ವರ್ಷ ಕಳೆದು ಅಪ್ಪ ತೀರಿಕೊಂಡರು. ಅವರದೊಂದು ಒಳ್ಳೆಯ ಫೋಟೋ ಸಿಕ್ಕೀತೆಂದು ಸ್ಟುಡಿಯೋಕ್ಕೆ ಹೋದೆ. "ಡಿಸ್ಕ್ ತುಂಬಿತ್ತರಿ ಸರ, ಎಲ್ಲಾ ಅಳಿಸೀವಿ" ಅಂದ. ಆಲ್ಬಮ್ಮಿನಲ್ಲಿರುವುದು ಬೀಗರ ಹಿಂದಿನಿಂದ ಕಾಣುವ ಅಪ್ಪನ ಅರ್ಧ ಮುಖ. ಅವರ ಸ್ವಂತ ಮದುವೆಯ ನೆಗೆಟಿವ್‌ಗಳು ಮಾತ್ರ ಅವ್ವನ ಟ್ರಂಕಿನಲ್ಲಿ ಇನ್ನೂ ಇವೆ.

ತಮ್ಮಂದಿರಾ, 24ರದ್ದೇ ಕೊಳ್ಳಿ. ಉಳಿದ ಹಣಕ್ಕೆ ಎರಡು ಹಾರ್ಡ್‌ಡಿಸ್ಕ್ ತಂದು ಎರಡರಲ್ಲೂ ಪ್ರತಿ ಇಡಿ. ಮದುವೆ ಮನೆಯವರೂ ಮುಂಗಡ ಕೊಡುವಾಗ ಮೆಗಾಪಿಕ್ಸೆಲ್ ಕೇಳಬೇಡಿ. ಫೋಟೋ ಎಷ್ಟು ವರ್ಷ ಇಟ್ಟಿರುತ್ತೀರಿ ಎಂದು ಕೇಳಿ, ಪಾವತಿಯ ಮೇಲೆ ಬರೆಸಿಕೊಳ್ಳಿ.